ದುಬ್ಲಾದು ಬೇಕೋ? ಲೆಜೆಂದಾದು ಬೇಕೋ?

ಆಫೀಸ್ ಕೆಲಸಕ್ಕೆ ಸಾವ್ ಪಾವ್ಲೊಗೆ ಹೋದವನು ಒಂದು ಭಾನುವಾರ ಸಿನಿಮಾಕ್ಕೆ ಹೋದೆ. ಒಂದೇ ಹಾಲಿವುಡ್ ಚಿತ್ರ, ಬೋರ್ಡಿನಲ್ಲಿ ಎರಡು ಆಯ್ಕೆ: 'ದುಬ್ಲಾದು' ಅಂದ್ರೆ ಪೋರ್ಚುಗೀಸ್ ಡಬ್ಬಿಂಗು, 'ಲೆಜೆಂದಾದು' ಅಂದ್ರೆ ಸಬ್‌ಟೈಟಲ್ಲು. ಆರಿಸುವವನು ಪ್ರೇಕ್ಷಕ. ಹೊಟ್ಟೆ ಉರೀತು ಮಾರಾಯ್ರೆ!

ನಮ್ಮಲ್ಲಿ? ಡಬ್ಬಿಂಗ್ ಬಂದ್ರೆ ಕನ್ನಡ ಸಾಯುತ್ತೆ ಅಂತ ದಶಕಗಟ್ಟಲೆ ಹೆದರಿಸಿದರು. 2002ರ 'ಸ್ಪೈಡರ್‌ಮ್ಯಾನ್' ಹಿಂದಿ, ತಮಿಳು, ತೆಲುಗು ಮಾತಾಡಿದ. ಕನ್ನಡ ಮಾತ್ರ ಇಲ್ಲ. ಕೊನೆಗೆ 2015ರಲ್ಲಿ ಸ್ಪರ್ಧಾ ಆಯೋಗವೇ ದಂಡ ಹಾಕಬೇಕಾಯ್ತು.

ಡಬ್ಬಿಂಗಿನಿಂದ ಬ್ರೆಜಿಲ್ ಚಿತ್ರರಂಗ ಸತ್ತಿತೇ? 2002ರಲ್ಲಿ 'ಸಿಟಿ ಆಫ್ ಗಾಡ್' ಕೊಟ್ಟಿತು, 2025ರಲ್ಲಿ 'ಐಯಾಮ್ ಸ್ಟಿಲ್ ಹಿಯರ್'ಗೆ ಆಸ್ಕರ್ ಗೆದ್ದಿತು. ಅವರು ಸ್ವಂತ ಚಿತ್ರಗಳಿಗೆ ಕಾನೂನಿನಲ್ಲೇ ಪರದೆ ಮೀಸಲಿಟ್ಟರು, ಪ್ರೇಕ್ಷಕನ ಕಿವಿಗೆ ಬೀಗ ಹಾಕಲಿಲ್ಲ.

ಈಗ ನಮಗೂ ಡಬ್ಬಿಂಗ್ ಬಂದಿದೆ, ಆದರೆ ಬೆಂಗಳೂರಿನಲ್ಲಿ ಕನ್ನಡದ ಶೋ ಹುಡುಕೋಕೆ ದುರ್ಬೀನು ಬೇಕು. ಮುಂದಿನ ಸಲ ಕೌಂಟರಿನಲ್ಲಿ 'ಕನ್ನಡದ್ದು ಇಲ್ವಾ?' ಅಂತ ಜೋರಾಗೇ ಕೇಳೋಣ. ಏನಂತೀರಿ?