ಎರಡೇ ಪಂದ್ಯಗಳಲ್ಲಿ ತೀರ್ಪೆ?

ಸುಗ್ಗಿ ಮುಗಿದೊಡನೆ ನಮ್ಮ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಹೊಲಗಳೇ ಕ್ರಿಕೆಟ್ ಬಯಲುಗಳಾಗುವುದನ್ನು ನಾವೆಲ್ಲ ಬಲ್ಲೆವು. ವೇಗವಾಗಿ ಚೆಂಡೆಸೆಯುವ ಹುಡುಗ ಊರಿಗೊಬ್ಬನಾದರೂ ಇದ್ದೇ ಇರುತ್ತಾನೆ. ಅಂಥವನು ದೇಶದ ತಂಡವನ್ನು ಸೇರಿ, ಎರಡೇ ಪಂದ್ಯಗಳನ್ನಾಡಿ ಹಿಂದಿರುಗಿದರೆ ಅವನನ್ನು ಸೋತವನೆನ್ನಬಹುದೆ? ಅರಸೀಕೆರೆಯಲ್ಲಿ ಹುಟ್ಟಿದ ಡೇವಿಡ್ ಜಾನ್ಸನ್ನರ ಆಟದ ಬಾಳು ಈ ಪ್ರಶ್ನೆಯನ್ನೆತ್ತುತ್ತದೆ.

1995-96ರ ರಣಜಿ ಋತುವಿನಲ್ಲಿ ಅವರು ಕೇರಳದ ವಿರುದ್ಧ 152 ರನ್ನಿಗೆ 10 ವಿಕೆಟ್ ಪಡೆದರು. 1996ರ ಅಕ್ಟೋಬರಿನಲ್ಲಿ ಜಾವಗಲ್ ಶ್ರೀನಾಥರು ಗಾಯಗೊಂಡುದರಿಂದ ದಿಲ್ಲಿಯಲ್ಲಿ ಆಸ್ಟ್ರೇಲಿಯದ ವಿರುದ್ಧ ಆಡುವ ಅವಕಾಶ ದೊರೆಯಿತು. ಅಲ್ಲಿ ಮೈಕೆಲ್ ಸ್ಲೇಟರ್, ಡಿಸೆಂಬರಿನಲ್ಲಿ ಡರ್ಬನ್ನಿನಲ್ಲಿ ಗಿಬ್ಸ್ ಮತ್ತು ಮ್ಯಾಕ್‌ಮಿಲನ್: ಒಟ್ಟು 2 ಟೆಸ್ಟು, 3 ವಿಕೆಟ್ಟು. ಅಲ್ಲಿಗೆ ಮುಗಿಯಿತು.

ಅವರ ಚೆಂಡಿನಲ್ಲಿ ವೇಗವಿದ್ದಷ್ಟು ನಿಖರತೆಯಿರಲಿಲ್ಲವೆಂಬ ಆಕ್ಷೇಪಣೆ ಉಂಟು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಡರ್ಬನ್ನಿನಲ್ಲಿ ನಮ್ಮವರು 100 ಮತ್ತು 66 ರನ್ನುಗಳಿಗೆ ಉರುಳಿದರು. ಹೆಸರುವಾಸಿಯಾದ ದಾಂಡಿಗರೆಲ್ಲ ಮುಂದೆಯೂ ಆಡಿದರು. ಹೊಸ ಬೌಲರನಿಗೆ ಮಾತ್ರ ಟೆಸ್ಟ್ ಬಾಗಿಲು ಮತ್ತೆ ತೆರೆಯಲಿಲ್ಲ. ನಿಖರತೆ ಅಭ್ಯಾಸದಿಂದ ಬರುವ ಗುಣ. ಅದಕ್ಕೆ ಕಾಲ ಬೇಕು.

ಕಾಲ ದೊರೆತರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಹಾವೇರಿ, ಗದಗಗಳೆರಡೂ ಧಾರವಾಡ ಜಿಲ್ಲೆಯಲ್ಲೇ ಇದ್ದ 1996ರಲ್ಲಿ ಗದಗಿನ ಸುನಿಲ್ ಜೋಶಿಯವರೂ ಭಾರತ ತಂಡವನ್ನು ಸೇರಿದರು. ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ 10 ಓವರುಗಳಲ್ಲಿ ಕೇವಲ 6 ರನ್ ಕೊಟ್ಟು 5 ವಿಕೆಟ್ ಪಡೆದ ಅವರ ಸಾಧನೆ ಬಂದದ್ದು 1999ರಲ್ಲಿ. ಎರಡು ಪಂದ್ಯಗಳಿಗೇ ಅವರನ್ನು ಕೈಬಿಟ್ಟಿದ್ದರೆ ಆ ದಿನವನ್ನು ನಾವು ಕಾಣುತ್ತಿದ್ದೆವೆ?

ಜಾನ್ಸನ್ ಮುಂದೆಯೂ ಕರ್ನಾಟಕಕ್ಕಾಗಿ ಆಡಿದರು. 39 ಪ್ರಥಮ ದರ್ಜೆಯ ಪಂದ್ಯಗಳಲ್ಲಿ 125 ವಿಕೆಟ್ ಪಡೆದರು. 2024ರ ಜೂನಿನಲ್ಲಿ ಅವರು ತೀರಿಕೊಂಡಾಗ ಎಲ್ಲರೂ ನೆನೆದದ್ದು ಆ ಎರಡು ಟೆಸ್ಟುಗಳನ್ನೇ.

ಸಹಪಾಠಿಗಳೆ, ಇದು ಬರಿಯ ಆಟದ ಮಾತಲ್ಲ. ಓದಲು ಹೊರಟ ಹುಡುಗಿ ಒಂದು ಪರೀಕ್ಷೆಯಲ್ಲಿ ನಪಾಸಾದರೆ "ಸಾಕು, ಮನೆಯಲ್ಲಿರು" ಎನ್ನುವ ಮನೆಗಳು ನಮ್ಮ ಸುತ್ತ ಎಷ್ಟಿಲ್ಲ? ಬಲ್ಲವರ ಆಸರೆಯಿದ್ದವನಿಗೆ ಎರಡನೆಯ ಅವಕಾಶ ತಾನಾಗಿ ಬರುತ್ತದೆ. ಇಲ್ಲದವನಿಗೆ ಯಾರಾದರೂ ಕೊಡಬೇಕು. ನಾಳೆ ಶಿಕ್ಷಕರೋ ಅಧಿಕಾರಿಗಳೋ ಆಗಿ ಆರಿಸುವ ಸ್ಥಾನದಲ್ಲಿ ನಾವು ಕುಳಿತಾಗ, ಅದನ್ನು ಕೊಡುವ ಧೈರ್ಯ ನಮಗಿರಲಿ.