ಶೋಕಕ್ಕೆ ಬಿಡುವು ಕೊಡದ ಕಾಯಕ ಯಾರದು?



ನಮ್ಮ ಭಾಗದ ಸಂತಾಪ ಸಭೆಗಳಲ್ಲಿ ಒಂದು ಪ್ರಶಂಸೆ ಪದೇ ಪದೇ ಕೇಳಿಬರುತ್ತದೆ. “ತಂದೆಯವರು ಲಿಂಗೈಕ್ಯರಾಗಿ ನಾಲ್ಕು ದಿನವಾಗಿರಲಿಲ್ಲ, ಮಗ ಕೆಲಸಕ್ಕೆ ಹಾಜರಾದ. ಇದಲ್ಲವೆ ಕಾಯಕನಿಷ್ಠೆ!” ಸಭಿಕರು ತಲೆದೂಗುತ್ತಾರೆ. ವೇದಿಕೆಯ ಮೇಲಿರುವವರು ಕಾಯಕವನ್ನು ಕೈಲಾಸವೆಂದ ಆಯ್ದಕ್ಕಿ ಮಾರಯ್ಯನವರ ವಚನವನ್ನು ಸಾಕ್ಷಿಗೆ ಕರೆಯುತ್ತಾರೆ. ಆ ವಚನ ಇಂತಹ ಸಾಕ್ಷ್ಯವನ್ನು ನುಡಿಯುವುದಿಲ್ಲ ಎಂಬುದೇ ನನ್ನ ವಾದ.

ಹೀಗೆ ಹೊಗಳಿಸಿಕೊಂಡವರಲ್ಲಿ ನಾನೂ ಒಬ್ಬ. ತಿ. ನರಸೀಪುರ ತಾಲ್ಲೂಕಿನ ನಮ್ಮೂರಿನಲ್ಲಿ ತಂದೆಯವರನ್ನು ಸಮಾಧಿಗೆ ಇಳಿಸಿ, ಹಾಲುತುಪ್ಪ ಮುಗಿಸಿದ ಮರುದಿನವೇ ನಂಜನಗೂಡಿನ ಬಳಿಯ ಕಾರ್ಖಾನೆಯೊಂದರ ರಾತ್ರಿ ಪಾಳಿಗೆ ಹೊರಟೆ. ಜಗಲಿಯ ಕಂಬಕ್ಕೆ ಒರಗಿದ್ದ ಅವ್ವ, “ವಸಿ ಕೂತ್ಕೋ ಮಗ, ಒಂದು ಮಾತದೆ” ಎಂದಳು. ಪಾಳಿ ಇದೆ, ಆಮೇಲೆ ಎಂದೆ. ಶಿವಗಣಾರಾಧನೆಯ ದಿನ ಬಂದಾಗ ಮನೆ ತುಂಬ ಜನ. ಕೇಳಿದರೆ, “ಈಗ ಬುಡು” ಎಂದಳು. ಮುಂದಿನ ಶ್ರಾವಣಕ್ಕೆ ಅವ್ವನೂ ಇರಲಿಲ್ಲ. ಈಗ ನಿವೃತ್ತನಾಗಿದ್ದೇನೆ, ಕೂರಲು ಬೇಕಾದಷ್ಟು ಸಮಯವಿದೆ.

ಇನ್ನು ವಚನವನ್ನು ನೋಡೋಣ. ಕಾಯಕದಲ್ಲಿ ನಿರತನಾದವನು ಏನೇನನ್ನು ಮರೆಯಬೇಕೆಂದು ಮಾರಯ್ಯನವರು ಹೆಸರಿಸುತ್ತಾರೆ. ಗುರುವಿನ ದರ್ಶನ, ಲಿಂಗದ ಪೂಜೆ, ಎದುರಿಗೆ ನಿಂತ ಜಂಗಮ: ಮೂರೂ ಪೂಜ್ಯಸ್ಥಾನಗಳು. ಪೂಜೆಯ ನೆಪದಲ್ಲಿ ದುಡಿಮೆಯಿಂದ ತಪ್ಪಿಸಿಕೊಳ್ಳುವವರಿಗೆ, ದುಡಿಮೆಯನ್ನು ಪೂಜೆಗಿಂತ ಕೀಳೆಂದು ಎಣಿಸುವವರಿಗೆ ಹಾಕಿದ ಪೆಟ್ಟು ಅದು. ಸಾವಿನ ಮನೆಯನ್ನು ಮರೆಯಬೇಕು, ಒಂಟಿಯಾದ ತಾಯಿಯನ್ನು ಮರೆಯಬೇಕು ಎಂದು ಅವರು ಎಲ್ಲಿ ಹೇಳಿದರು? ಆ ಸಾಲನ್ನು ಸೇರಿಸಿದವರು ನಾವು.

ಅದಕ್ಕಿಂತಲೂ ಮುಖ್ಯವಾದುದು, ಆ ಮಾತನ್ನು ಯಾರು ಯಾರಿಗೆ ಹೇಳಿದರೆಂಬುದು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ಬದುಕುತ್ತಿದ್ದ ಬಡವರೊಬ್ಬರು ತಮ್ಮ ದುಡಿಮೆಯ ಕುರಿತು ಆಡಿದ ನುಡಿ ಅದು. ಅವರ ಮೇಲೆ ಮೇಲ್ವಿಚಾರಕರಿರಲಿಲ್ಲ, ಹಾಜರಿ ಪುಸ್ತಕವಿರಲಿಲ್ಲ. ದುಡಿಯುವವನು ತನಗೆ ತಾನೇ ಹೇಳಿಕೊಂಡ ಮಾತನ್ನು ದುಡಿಸುವವನು ಬಾಯಿಪಾಠ ಮಾಡಿಕೊಂಡರೆ ಅದು ವಚನವಾಗಿ ಉಳಿಯುವುದಿಲ್ಲ, ಚಾಟಿಯಾಗುತ್ತದೆ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸಹಸಂಸ್ಥಾಪಕ ಎನ್.ಆರ್. ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದಾಗ, ಅದನ್ನು ಕಾಯಕತತ್ತ್ವವೆಂದು ಸಮರ್ಥಿಸಿದ ಭಕ್ತರನ್ನು ನಾನೇ ಕಂಡಿದ್ದೇನೆ. ಅದು ಅವರ ಅಭಿಪ್ರಾಯ, ಇರಲಿ. ಬಸವಾದಿ ಶರಣರನ್ನು ಅದಕ್ಕೆ ಜಾಮೀನು ನಿಲ್ಲಿಸುವುದು ಬೇಡ.

ಮಾರಯ್ಯನವರ ಮಡದಿ ಲಕ್ಕಮ್ಮನವರ ಪ್ರಸಂಗವನ್ನೂ ನಾವು ಅರ್ಧಕ್ಕೇ ಹರಿದಿಟ್ಟಿದ್ದೇವೆ. ಅನುಭವಗೋಷ್ಠಿಯಲ್ಲಿ ಮೈಮರೆತು ಕುಳಿತ ಪತಿಗೆ ಕಾಯಕ ನಿಂತಿತೆಂದು ಎಚ್ಚರಿಸಿದ ಕಥೆ ಎಲ್ಲರ ನಾಲಿಗೆಯ ಮೇಲಿದೆ. ಅದೇ ತಾಯಿ, ಪತಿ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿ ತಂದ ದಿನ, ಮಿಕ್ಕಿದ್ದನ್ನು ಅಲ್ಲಿಗೇ ಸುರಿದು ಬನ್ನಿರೆಂದು ಹಿಂದಕ್ಕೆ ಕಳುಹಿಸಿದರು. ಕಾಯಕಕ್ಕೆ ಕೆಳಗೊಂದು ಮಿತಿಯಿದ್ದಂತೆ ಮೇಲೆಯೂ ಒಂದು ಮಿತಿಯಿದೆ. ಹೆಚ್ಚಾದ ದುಡಿಮೆ ಆಸೆಯಾಗುತ್ತದೆ. ಈ ಎರಡನೆಯ ಕಥೆಯನ್ನು ಹೆಚ್ಚಿನ ಸಂಬಳದ ಪಾಳಿಗೆ ಹೆಸರು ಕೊಡುವವರ ಮುಂದೆ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಸೂತಕದ ವಿಚಾರದಲ್ಲಿಯೂ ಇದೇ ಎಡವಟ್ಟು. ಜನನ, ಜಾತಿ, ಪ್ರೇತ, ರಜಸ್ಸು, ಉಚ್ಛಿಷ್ಟ ಎಂಬ ಪಂಚಸೂತಕಗಳನ್ನು ಶರಣರು ಅಲ್ಲಗಳೆದರು. ಲಿಂಗಧಾರಿಗೆ ಮೈಲಿಗೆ ತಟ್ಟದೆಂಬುದು ನಮ್ಮ ಹೆಮ್ಮೆ. ಆದರೆ ಸೂತಕವಿಲ್ಲ ಎಂಬುದನ್ನು ಶೋಕವಿಲ್ಲ ಎಂದು ಓದಿಕೊಂಡೆವು. ಸೂತಕ ಆಚರಿಸುವ ನೆರೆಯವರಿಗೆ ಕಡೇಪಕ್ಷ ಹತ್ತು ದಿನ ಮನೆಯಲ್ಲಿ ಕೂರುವ ಕಟ್ಟಳೆಯಾದರೂ ಇದೆ. ನಾವು ಮೈಲಿಗೆಯನ್ನು ತೆಗೆದೆವು, ಸರಿ. ಅದರೊಡನೆ ಆ ದಿನಗಳನ್ನೂ ತೆಗೆದುಹಾಕಿ ಆ ಜಾಗವನ್ನು ಬರಿದಾಗಿ ಬಿಟ್ಟೆವು. ಬರಿದಾದ ಜಾಗಕ್ಕೆ ಪಾಳಿ ಬಂದು ಕುಳಿತಿತು. ಕಾನೂನೂ ಕೈಹಿಡಿಯಲಿಲ್ಲ. 1948ರ ಕಾರ್ಖಾನೆಗಳ ಕಾಯಿದೆ ವರ್ಷಕ್ಕೆ 240 ದಿನ ದುಡಿದವನಿಗೆ ಪ್ರತಿ 20 ದಿನಕ್ಕೆ 1 ದಿನದಂತೆ ವೇತನಸಹಿತ ರಜೆ ವಿಧಿಸಿತ್ತು. ಮರಣಕ್ಕೆಂದೇ ರಜೆಯ ಮಾತು ಅದರಲ್ಲಿರಲಿಲ್ಲ.

ದುಡಿಮೆಯೇ ದುಃಖಕ್ಕೆ ಮದ್ದು ಎನ್ನುವವರಿದ್ದಾರೆ. ಕೆಲವರಿಗೆ ಅದು ನಿಜ, ಅವರನ್ನು ಯಾರೂ ತಡೆಯಬೇಕಿಲ್ಲ. ಇನ್ನೂ ಗಟ್ಟಿಯಾದ ಆಕ್ಷೇಪವೊಂದಿದೆ: ಕಬ್ಬು ಕಡಿಯುವವನಿಗೆ, ತಾಂಡ್ಯ ಕೈಗಾರಿಕಾ ಪ್ರದೇಶದ ಗುತ್ತಿಗೆ ಕಾರ್ಮಿಕನಿಗೆ ಹನ್ನೊಂದು ದಿನ ಕೂರುವ ಭಾಗ್ಯ ಎಲ್ಲಿದೆ? ಒಪ್ಪುತ್ತೇನೆ. ಆದರೆ ಆತನನ್ನು ಬೇಗ ಹೊರಡಿಸುವುದು ಹಸಿವೊಂದೇ ಅಲ್ಲ, ನಾವು ಉಣ್ಣುವ ಊಟವೂ ಹೌದು. ಸಾವಿರ ಎಲೆಯ ಶಿವಗಣಾರಾಧನೆಗೆ ಸಾಲ ಮಾಡಿ, ಆ ಸಾಲ ತೀರಿಸಲು ನಾಲ್ಕನೆಯ ದಿನವೇ ಬಸ್ಸು ಹತ್ತಿದವರು ನಮ್ಮೂರಲ್ಲೇ ಇದ್ದಾರೆ. ಮದುವೆಯ ದುಂದಿಗೆ ಪರಿಹಾರವಾಗಿ ಸುತ್ತೂರು ಜಾತ್ರೆಯಲ್ಲಿ ಸಾಮೂಹಿಕ ವಿವಾಹಗಳು ನಡೆಯುತ್ತ ಬಂದಿವೆ. ಮರಣದ ಊಟದ ವಿಷಯ ಬಂದರೆ ನಮ್ಮ ಬಾಯಿಗೆ ಬೀಗ.

ಹಿಂದೆ ನಮ್ಮ ಹಳ್ಳಿಗಳಲ್ಲಿ ಸಾವಿನ ಮನೆಯ ಒಲೆ ಹೊತ್ತುತ್ತಿರಲಿಲ್ಲ. ಅಕ್ಕಪಕ್ಕದವರು ಅನ್ನ ಸಾರು ತಂದಿಡುತ್ತಿದ್ದರು, ಎಮ್ಮೆಯ ಹಾಲು ಕರೆಯುತ್ತಿದ್ದರು, ಗದ್ದೆಗೆ ನೀರು ಕಟ್ಟುತ್ತಿದ್ದರು. ಅದಕ್ಕೆ ದಾಸೋಹವೆಂಬ ಹೆಸರನ್ನು ಯಾರೂ ಇಡಲಿಲ್ಲ, ಆದರೆ ಅದು ದಾಸೋಹವೇ. ಒಬ್ಬನ ಕಾಯಕವನ್ನು ಹತ್ತು ಜನ ಹೊತ್ತರೆ ಆ ಒಬ್ಬನು ಕುಳಿತು ಅಳಬಹುದು. ಕಲ್ಯಾಣದ ಕೊನೆಯ ದಿನಗಳಲ್ಲಿ ಬಸವಣ್ಣನವರು ಭಂಡಾರಿಯ ಪದವಿ ತೊರೆದು ಕೂಡಲಸಂಗಮಕ್ಕೆ ತೆರಳಿದರು. ಅವರನ್ನು ಕಾಯಕಭ್ರಷ್ಟರೆಂದು ಯಾವ ಶರಣರು ಕರೆದರು? ಇಲ್ಲಿಯೂ ನಂಜನಗೂಡನ್ನು, ಸುತ್ತೂರನ್ನು ಹಾದುಬಂದ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಅವ್ವ ಹೋದ ಮೇಲೆ ಆ ದಡದಲ್ಲಿ ಒಂದು ಸಂಜೆ ಕುಳಿತಿದ್ದೆ, ಒಂದೇ ಸಂಜೆ. ಮರುದಿನ ಬೆಳಗಿನ ಪಾಳಿಯಿತ್ತು.

ನನ್ನ ಕೋರಿಕೆ ಇಷ್ಟೆ. ಎಲೆಗಳ ಸಂಖ್ಯೆಯನ್ನು ನೂರಕ್ಕೆ ಇಳಿಸಿ, ಉಳಿದ ಹಣದಲ್ಲಿ ಆ ಮನೆಯವರ ಹನ್ನೊಂದು ದಿನದ ಕೂಲಿಯನ್ನು ತುಂಬಿಕೊಡೋಣ. ಗುತ್ತಿಗೆದಾರರಾದ ಭಕ್ತರು ತಮ್ಮ ಆಳುಗಳ ಮಟ್ಟಿಗಾದರೂ ಇದನ್ನು ಆರಂಭಿಸಲಿ. ಕಳೆದ ತಿಂಗಳು ಈ ಮಾತನ್ನು ಊರಿನ ಹಿರಿಯರ ಮುಂದಿಟ್ಟಾಗ, “ಊಟ ಕಮ್ಮಿ ಮಾಡಿದ್ರೆ ನೆಂಟ್ರು ಏನಂದಾರು?” ಎಂದರು. ಆ ನೆಂಟರ ಪೈಕಿ ನಾನೂ ಒಬ್ಬ. ನಾನು ಏನೂ ಅನ್ನುವುದಿಲ್ಲ.