ಎಲುಬಿಗೆ ಹೆದರುವ ವಿದ್ಯಾವಂತರು



ಈ ಸಲ ಹಳೆಯ ನೆನಪುಗಳ ಸಿಹಿಯನ್ನು ಬದಿಗಿಟ್ಟು ಸ್ವಲ್ಪ ಖಾರವಾಗಿಯೇ ಬರೆಯಬೇಕಾಗಿದೆ. ಯಾರಿಗಾದರೂ ಬೇಸರವಾದರೆ ಕ್ಷಮಿಸಿ. ಬೈಗುಳದ ದೊಡ್ಡ ಪಾಲನ್ನು ನಾನು ನನಗಾಗಿಯೇ ಇಟ್ಟುಕೊಂಡಿದ್ದೇನೆ.

ಕಳೆದ ಬೇಸಿಗೆಯಲ್ಲಿ, ಮಲೆನಾಡಿನ ನಮ್ಮ ಮೂಲ ಊರಿನಲ್ಲಿ, ಬೆಟ್ಟಕ್ಕೆ ದರಗು ಗುಡಿಸಲು ಹೋದ ಹೆಂಗಸರಿಗೆ ಒಂದು ತಲೆಬುರುಡೆ ಕಾಣಿಸಿತು. ಮುಷ್ಟಿಗಿಂತ ತುಸು ದೊಡ್ಡದು. ಮುಂದಕ್ಕೇ ನೋಡುವ ಎರಡು ದುಂಡನೆಯ ಕಣ್ಣುಗುಳಿಗಳು. "ಮಗುವಿನ ಬುರುಡೆ!" ಎಂದು ಯಾರೋ ಕೂಗಿದರು. ಸಂಜೆಯೊಳಗೆ ಅದರ ಚಿತ್ರ ಊರಿನ ಮೊಬೈಲುಗಳಲ್ಲೆಲ್ಲ ಹರಿದಾಡಿತು. ರಾತ್ರಿಯಾಗುವಷ್ಟರಲ್ಲಿ ಅದು 'ಬಲಿ' ಎಂದಾಯಿತು. ಬೆಳಗಾಗುವಷ್ಟರಲ್ಲಿ ಬಲಿ ಕೊಟ್ಟವರ ಹೆಸರೂ ಸಿದ್ಧವಾಗಿತ್ತು: ಊರಂಚಿನಲ್ಲಿ ಒಬ್ಬರೇ ವಾಸಿಸುತ್ತ, ಮಕ್ಕಳ ಕೆಮ್ಮಿಗೆ ಬೇರು ತೇದು ಕೊಡುತ್ತಿದ್ದ ಒಬ್ಬ ವೃದ್ಧೆ. ಮೂರು ದಿನ ಅವರ ಮನೆಗೆ ಹಾಲು ಕೊಡಲು ಸಹ ಯಾರೂ ಹೋಗಲಿಲ್ಲ.

ಮೂರನೆಯ ದಿನ ನನ್ನ ತಮ್ಮನ ಮಗ ಆ ಚಿತ್ರವನ್ನು ನನಗೂ ಕಳುಹಿಸಿ, "ದೊಡ್ಡಪ್ಪಾ, ನೀವು ವಿಜ್ಞಾನದ ಮೇಷ್ಟ್ರಲ್ಲವೇ, ಇದೇನೆಂದು ಹೇಳಿ" ಎಂದ. ಎದುರಿನಿಂದ ತೆಗೆದ ಚಿತ್ರ ಸಾಲದು, ಮುಟ್ಟದೆ ಪಕ್ಕದಿಂದ ತೆಗೆದು ಕಳುಹಿಸು ಎಂದೆ. ಪಕ್ಕದ ಚಿತ್ರ ಬಂದೊಡನೆ ಸಂಶಯ ಹರಿಯಿತು. ದವಡೆ ಮುಂದಕ್ಕೆ ಚಾಚಿಕೊಂಡಿತ್ತು. ಹಣೆ ಎಂಬುದೇ ಇರಲಿಲ್ಲ, ಹುಬ್ಬಿನಿಂದಲೇ ತಲೆ ಹಿಂದಕ್ಕೆ ಇಳಿದಿತ್ತು. ಕೋರೆಹಲ್ಲುಗಳು ಕಿರುಬೆರಳಿನ ಗೆಣ್ಣಿನಷ್ಟು ಉದ್ದವಿದ್ದವು. ಅದೊಂದು ಗಂಡು ಮಂಗ. ತಾಲೂಕಿನ ಪಶುವೈದ್ಯರು ಅದನ್ನು ಕಂಡು ಅರ್ಧ ನಿಮಿಷದಲ್ಲಿ ಅದನ್ನೇ ಹೇಳಿದರು. ಆದರೆ ಅಷ್ಟರಲ್ಲಿ ಆ ವೃದ್ಧೆ ಗಂಟುಮೂಟೆ ಕಟ್ಟಿಕೊಂಡು ಮಗಳ ಊರಿಗೆ ಹೊರಟುಹೋಗಿದ್ದರು. ಇಂದಿಗೂ ಹಿಂದಿರುಗಿಲ್ಲ.

ನನ್ನನ್ನು ಕೆರಳಿಸಿದ್ದು ಹಳ್ಳಿಗರ ಅಜ್ಞಾನವಲ್ಲ. ಆ ಚಿತ್ರವನ್ನು ಹಂಚಿದವರಲ್ಲಿ ಪದವೀಧರರಿದ್ದರು, ಇಂಜಿನಿಯರುಗಳಿದ್ದರು, ನನ್ನ ಶಿಷ್ಯರೂ ಇದ್ದರು. ಅವರಿಗೆ ಒಂದು ಪ್ರಶ್ನೆ. ಅದು ಮಗುವಿನ ಬುರುಡೆ ಎಂದು ನೀವು ನಿಜವಾಗಿಯೂ ನಂಬಿದ್ದರೆ, ಮಾಡಬೇಕಾದ ಮೊದಲ ಕೆಲಸ ಯಾವುದು? ಎಲ್ಲಿದ್ದಿತೋ ಅಲ್ಲಿಯೇ ಬಿಟ್ಟು ಪೊಲೀಸರಿಗೆ ತಿಳಿಸುವುದಲ್ಲವೇ? ಮೂರು ದಿನಗಳಲ್ಲಿ ಒಬ್ಬರೂ ಆ ಕೆಲಸ ಮಾಡಲಿಲ್ಲ. ಅಂದರೆ ನೀವು ನಂಬಿಯೂ ಇರಲಿಲ್ಲ, ಸುಮ್ಮನಿರಲೂ ಇಲ್ಲ. ಭಯದ ರುಚಿ ಹತ್ತಿತ್ತು, ಅಷ್ಟೇ.

ಇನ್ನೊಂದು ಮಾತು. ಮಲೆನಾಡಿನ ಕಾಡಂಚಿನಲ್ಲಿ ಮಂಗನ ಬುರುಡೆ ಸಿಕ್ಕರೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಸುತ್ತಮುತ್ತ ಮಂಗಗಳು ಸಾಯುತ್ತಿವೆಯೇ? 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣುಗುಗಳ ಮೂಲಕ ಮನುಷ್ಯರಿಗೆ ಹರಡುತ್ತದೆ. ಮಂಗಗಳ ಸಾವು ಅದರ ಮುನ್ಸೂಚನೆ. ಉಣುಗು ಇರುವುದು ಆ ಹೆಂಗಸರು ಗುಡಿಸುತ್ತಿದ್ದ ದರಗಿನಲ್ಲಿಯೇ! ಮಂಗನದೆಂದು ತಿಳಿದಿದ್ದರೆ ಮೊದಲ ದಿನವೇ ಆರೋಗ್ಯ ಕಾರ್ಯಕರ್ತೆಗೆ ಸುದ್ದಿ ಹೋಗುತ್ತಿತ್ತು. ಮಗುವಿನದೆಂದುಕೊಂಡದ್ದರಿಂದ ಮಂತ್ರವಾದಿಗೆ ಹೋಯಿತು.

ಈಗ ನನ್ನ ಪಾಲಿನ ಬೈಗುಳ. ಸುಮಾರು ನಲವತ್ತು ವರ್ಷಗಳ ಹಿಂದೆ, ಏಳನೆಯ ತರಗತಿಯ ಒಬ್ಬ ಹುಡುಗ, ದನ ಕಾಯುವವರ ಮಗ, ಗೋಣಿಚೀಲದಲ್ಲಿ ದನದ ಬುರುಡೆಯೊಂದನ್ನು ಸುತ್ತಿಕೊಂಡು ಶಾಲೆಗೆ ತಂದ. "ಸಾರ್, ಇದಕ್ಕೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲೇ ಇಲ್ಲ. ಉದುರಿದ ಗುರುತೂ ಇಲ್ಲ. ಯಾಕೆ ಸಾರ್?" ಎಂದ. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವ ಧೈರ್ಯವೂ ಇರಲಿಲ್ಲ. "ಛೀ, ಮೈಲಿಗೆ! ಬೇಲಿಗೆ ಎಸೆದು ಕೈಕಾಲು ತೊಳೆದು ಬಾ" ಎಂದು ಗದರಿಸಿದೆ. ಅದೇ ವಾರ ಗೋಡೆಗೆ ಪಟ ತೂಗುಹಾಕಿ 'ಸಸ್ಯಾಹಾರಿ ಪ್ರಾಣಿಗಳ ಹಲ್ಲುಗಳು' ಎಂಬ ಪಾಠ ಮಾಡಿದೆ! ಆ ಹುಡುಗ ಮರುವರ್ಷ ಶಾಲೆ ಬಿಟ್ಟ. ನನ್ನಿಂದಲೇ ಬಿಟ್ಟ ಎನ್ನಲಾರೆ. ಆದರೆ ಅಂದಿನಿಂದ ಅವನು ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಂದು ಬರೆಯುತ್ತಿದ್ದೇನೆ. ದನ, ಎಮ್ಮೆ, ಕುರಿ, ಆಡು, ಜಿಂಕೆ, ಇವುಗಳಿಗೆ ಮೇಲ್ದವಡೆಯ ಮುಂಭಾಗದಲ್ಲಿ ಬಾಚಿಹಲ್ಲುಗಳು ಹುಟ್ಟುವುದೇ ಇಲ್ಲ. ಅಲ್ಲಿರುವುದು ಗಟ್ಟಿಯಾದ ವಸಡಿನ ದಿಂಡು. ಕೆಳಗಿನ ಎಂಟು ಹಲ್ಲುಗಳು ಹುಲ್ಲನ್ನು ಅದಕ್ಕೆ ಒತ್ತಿ ಕೀಳುತ್ತವೆ. ರೈತರಿಗೆ ಇದು ಅಂಗೈಯಷ್ಟು ಪರಿಚಿತ. ಎರಡು ಹಲ್ಲಿನ ಹೋರಿ, ನಾಲ್ಕು ಹಲ್ಲಿನದು, ಬಾಯಿಗೂಡಿದ ಎತ್ತು ಎಂದು ಜಾತ್ರೆಯಲ್ಲಿ ಲೆಕ್ಕ ಹಾಕುವುದು ಆ ಕೆಳಗಿನ ಹಲ್ಲುಗಳನ್ನೇ ನೋಡಿ. ಆ ಹುಡುಗನ ತಂದೆಯನ್ನು ಕೇಳಿದ್ದರೆ ಸಾಕಾಗಿತ್ತು. ಕೇಳಲು ನನ್ನ ಪದವಿ ಅಡ್ಡ ಬಂದಿತು.

ಕುದುರೆ, ಕತ್ತೆಗಳಾದರೆ ಮೇಲೆ ಕೆಳಗೆ ಎರಡೂ ಕಡೆ ಬಾಚಿಹಲ್ಲುಗಳಿರುತ್ತವೆ. ಕಾಡಂಚಿನಲ್ಲಿ ಕೋರೆಯಿರುವ ಯಾವ ಬುರುಡೆ ಸಿಕ್ಕರೂ 'ಚಿರತೆ' ಎನ್ನುವವರು ಮೇಲ್ದವಡೆಯ ಒಂದು ಬದಿಯಲ್ಲಿ ಕೋರೆಯ ಹಿಂದಿರುವ ಹಲ್ಲುಗಳನ್ನು ಎಣಿಸಲಿ: ನಾಯಿಗೆ ಆರು, ಬೆಕ್ಕಿನ ಜಾತಿಗೆ ನಾಲ್ಕು, ಅದರಲ್ಲಿಯೂ ಕೊನೆಯದು ತೀರ ಚಿಕ್ಕದು. ನಾಯಿಯ ಮೂತಿ ಉದ್ದ, ಬೆಕ್ಕಿನದು ಮೊಟಕು. ಎಲುಬಿನ ಮೇಲೆ ಸಾಲುಸಾಲಾಗಿ ಗೀರುಗಳಿದ್ದರೆ 'ಕತ್ತಿಯ ಗುರುತು' ಎಂದು ಬೆಚ್ಚಬೇಕಾಗಿಲ್ಲ. ಮುಳ್ಳುಹಂದಿ ಎಲುಬನ್ನು ಕೆರೆದು ತಿನ್ನುವುದುಂಟು. ಆದರೆ ಎಣಿಕೆಯೊಂದನ್ನೇ ನಂಬಿದವನೂ ಮೋಸಹೋಗುತ್ತಾನೆ. ವಯಸ್ಕ ಮಂಗನಿಗೆ ನಮ್ಮಂತೆಯೇ 32 ಹಲ್ಲುಗಳು. ಚಿಕ್ಕ ಮಗುವಿಗಾದರೋ ಹಾಲುಹಲ್ಲುಗಳು 20. ಆದ್ದರಿಂದ ಹಲ್ಲು, ಮೂತಿ, ಕಣ್ಣುಗುಳಿ, ಹಣೆ ಎಲ್ಲವನ್ನೂ ಕೂಡಿಸಿ ನೋಡಬೇಕು.

ಆಕ್ಷೇಪಗಳು ಬರುತ್ತವೆ, ಬಲ್ಲೆ. ಮೈಲಿಗೆ ಎಂಬವರಿಗೆ ನನ್ನ ಉತ್ತರ ಇಷ್ಟೇ: ಎಲುಬಿನ ಮೈಲಿಗೆ ಸ್ನಾನದಿಂದ ಹೋಗುತ್ತದೆ, ನಿರಪರಾಧಿಯ ಮೇಲೆ ಹೊರಿಸಿದ ಅಪವಾದ ಯಾವ ಸ್ನಾನದಿಂದಲೂ ಹೋಗುವುದಿಲ್ಲ. ರೋಗದ ಭಯ ಎಂಬವರ ಮಾತನ್ನು ಒಪ್ಪುತ್ತೇನೆ. ನೆರಡಿ ರೋಗದ ಬೀಜಾಣುಗಳು ಮಣ್ಣಿನಲ್ಲಿ ದಶಕಗಳ ಕಾಲ ಉಳಿಯಬಲ್ಲವು. ಆದುದರಿಂದ ಬರಿಗೈಯಲ್ಲಿ ಮುಟ್ಟಬಾರದು, ಹಸಿ ಕಳೇಬರದ ಹತ್ತಿರವೇ ಸುಳಿಯಬಾರದು. ಕಾನೂನಿನ ಮಾತನ್ನೂ ಒಪ್ಪುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ರಕ್ಷಿತ ಪ್ರಾಣಿಗಳ ಕೊಂಬು, ಬುರುಡೆಗಳನ್ನು ಮನೆಗೆ ತಂದಿಟ್ಟುಕೊಳ್ಳುವಂತಿಲ್ಲ. ಅರಣ್ಯ ಇಲಾಖೆಗೆ ತಿಳಿಸಬೇಕು. ಆದರೆ ನೋಡಬಾರದೆಂದು ಯಾವ ಕಾಯಿದೆಯೂ ಹೇಳಿಲ್ಲ. ನಾನು ಕೇಳುತ್ತಿರುವುದು ಕಣ್ಣನ್ನು, ಕೈಯನ್ನಲ್ಲ.

ಇದೆಲ್ಲ ಕ್ಷುಲ್ಲಕ ವಿದ್ಯೆ ಎಂದು ಮೂಗು ಮುರಿಯುವವರಿಗೆ ಒಂದು ನಿದರ್ಶನ. ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನದಲ್ಲಿ ದೊರೆತ ಕೆಲವು ಎಲುಬುಗಳನ್ನು ಕೆ. ಆರ್. ಆಲೂರರು ಕುದುರೆಯವೆಂದು ಗುರುತಿಸಿದರು. 1971ರಲ್ಲಿ ಅದು ಪ್ರಕಟವಾದಾಗ, ದಕ್ಷಿಣಕ್ಕೆ ಕುದುರೆ ಯಾವಾಗ ಬಂದಿತು ಎಂಬುದರ ಬಗ್ಗೆ ವಿದ್ವಾಂಸರ ನಡುವೆ ದೊಡ್ಡ ವಾದವೇ ಎದ್ದಿತು. ಎಲುಬನ್ನು ಓದಬಲ್ಲವರು ಇತಿಹಾಸವನ್ನೇ ಪ್ರಶ್ನಿಸಬಲ್ಲರು. ಓದಲಾರದವರು ನೆರೆಮನೆಯವರನ್ನು ಊರು ಬಿಡಿಸುತ್ತಾರೆ.

ಹಗ್ಗವನ್ನು ಹಾವೆಂದು ಭ್ರಮಿಸಿದವನಿಗೆ ನಮ್ಮ ಹಿರಿಯರು ದೀಪ ತರಲು ಹೇಳಿದರು. ನಾವು ದೀಪ ತಂದೆವು, ಅದರಿಂದ ಹಗ್ಗದ ಚಿತ್ರ ತೆಗೆದು ಹತ್ತು ಜನರಿಗೆ ಕಳುಹಿಸಿದೆವು.

ನಿಮ್ಮಲ್ಲಿ ಅನೇಕರು ಈಗ ಮೇಷ್ಟರಾಗಿದ್ದೀರಿ, ತಂದೆತಾಯಿಗಳಾಗಿದ್ದೀರಿ. ನಾಳೆ ನಿಮ್ಮ ಮಗು ತೋಟದಂಚಿನಲ್ಲಿ ಎಲುಬೊಂದನ್ನು ತೋರಿಸಿ "ಇದು ಏನು?" ಎಂದರೆ ದಯವಿಟ್ಟು "ಛೀ" ಎನ್ನಬೇಡಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ಜೊತೆಗೆ ಕುಳಿತು ನೋಡಿ, ಬಲ್ಲವರನ್ನು ಕೇಳಿ. ನನಗೆ ಅದು ಸಾಧ್ಯವಾಗಲಿಲ್ಲ. ಮತ್ತೆ, ಆ ಊರಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ಒಂದು ವಾಹನ ಮಾಡಿಕೊಂಡು ಹೋಗಿ ಆ ತಾಯಿಯನ್ನು ಕ್ಷಮೆ ಕೇಳಿ ಕರೆತನ್ನಿ. ಬಾಡಿಗೆ ನಾನು ಕೊಡುತ್ತೇನೆ. ಜೊತೆಗೆ ನಾನೂ ಬರುತ್ತೇನೆ.